ಡಿಶ್‌ವಾಷರ್ ಕೊಳ್ಳುವ ಮುನ್ನ ನಲ್ಲಿ ನೀರು ನೋಡಿ

ಭಾನುವಾರದ ಸಂಜೆ ನಗರದ ಯಾವುದೇ ದೊಡ್ಡ ಗೃಹೋಪಯೋಗಿ ಮಳಿಗೆಗೆ ಹೋದರೂ ಈ ನೋಟ ಕಾಣುತ್ತದೆ. ಐದಾರು ಡಿಶ್‌ವಾಷರ್‌ಗಳು ಬಾಗಿಲು ತೆರೆದು ಸಾಲಾಗಿ ನಿಂತಿರುತ್ತವೆ. ಒಳಗಿನ ಬುಟ್ಟಿಗಳಲ್ಲಿ ಬಿಳಿ ಪಿಂಗಾಣಿ ತಟ್ಟೆಗಳನ್ನೂ ಗಾಜಿನ ಲೋಟಗಳನ್ನೂ ಒಪ್ಪವಾಗಿ ಜೋಡಿಸಿಟ್ಟಿರುತ್ತಾರೆ. ಗಂಡ ಬೆಲೆಚೀಟಿ ಓದುತ್ತಿದ್ದರೆ, ಹೆಂಡತಿ ಕೆಳಬುಟ್ಟಿಯ ಕಂಬಿಗಳ ಮೇಲೆ ಗೇಣು ಹಾಕಿ, ಐದು ಲೀಟರಿನ ಕುಕ್ಕರ್ ಇಲ್ಲಿ ಕೂರುತ್ತದೆಯೇ ಎಂದು ಅಂದಾಜು ಮಾಡುತ್ತಿರುತ್ತಾಳೆ. ಒಂದರ ಬೆಲೆ ಐವತ್ತು ಸಾವಿರದ ಆಸುಪಾಸು, ಪಕ್ಕದ್ದು ಲಕ್ಷ ದಾಟಿದ್ದು. ಎರಡೂ ಪಾತ್ರೆಯನ್ನೇ ತೊಳೆಯುತ್ತವೆ. ಹಾಗಿದ್ದರೆ ಹೆಚ್ಚಿನ ಹಣ ಯಾವುದಕ್ಕೆ? ಈ ಪ್ರಶ್ನೆಗೆ ಮಳಿಗೆಯಲ್ಲಿ ಸಿಗುವ ಉತ್ತರ ಬಹುಪಾಲು ಬ್ರ್ಯಾಂಡಿನ ಹೆಸರಿನಲ್ಲೇ ಮುಗಿದುಹೋಗುತ್ತದೆ.

2020ರ ಲಾಕ್‌ಡೌನ್‌ನಲ್ಲಿ ಮನೆಗೆಲಸದವರು ಬರುವುದು ನಿಂತಾಗ ಈ ಯಂತ್ರಕ್ಕೆ ನಮ್ಮಲ್ಲಿ ಏಕಾಏಕಿ ಬೇಡಿಕೆ ಬಂತು. ಅಲ್ಲಿಯವರೆಗೆ ಸಿರಿವಂತರ ಅಡುಗೆಮನೆಯ ವಸ್ತುವಾಗಿದ್ದದ್ದು ಮಧ್ಯಮ ವರ್ಗದ ಚರ್ಚೆಗೂ ಬಂತು. ಆದರೆ ಆಯ್ಕೆಯ ವಿಧಾನ ಮಾತ್ರ ತಲೆಕೆಳಗಾಗಿಯೇ ಉಳಿದಿದೆ. ಮೊದಲು ಬ್ರ್ಯಾಂಡ್, ಆಮೇಲೆ ಬೆಲೆ, ಯಂತ್ರ ಮನೆಗೆ ಬಂದ ಮೇಲೆ ನೀರು, ಪಾತ್ರೆ, ರಿಪೇರಿಯ ಚಿಂತೆ. ಈ ಕ್ರಮವನ್ನು ಪೂರ್ತಿ ತಿರುಗಿಸಬೇಕು ಎಂಬುದೇ ಈ ಲೇಖನದ ವಾದ. ಮನೆಯ ನೀರು, ಅಡುಗೆಮನೆಯ ಪಾತ್ರೆ, ಊರಿನಲ್ಲಿರುವ ಸರ್ವಿಸ್ ಈ ಮೂರೂ ಮೊದಲು ತೀರ್ಮಾನವಾಗಬೇಕು. ಬ್ರ್ಯಾಂಡ್ ಕೊನೆಗೆ ಬರಬೇಕು.

ಒಳಗೆ ನಡೆಯುವುದೇನು

ಅಮೆರಿಕದ ಇಲಿನಾಯ್ ರಾಜ್ಯದ ಶೆಲ್ಬಿವಿಲ್ ಊರಿನ ಜೋಸೆಫಿನ್ ಕಾಕ್ರೇನ್ ಎಂಬ ಮಹಿಳೆ ಪಾತ್ರೆ ತೊಳೆಯುವ ಯಂತ್ರಕ್ಕೆ 1886ರ ಡಿಸೆಂಬರ್‌ನಲ್ಲಿ ಪೇಟೆಂಟ್ ಪಡೆದರು. ಅವರಿಗಿಂತ ಮೊದಲೂ ಪ್ರಯತ್ನಗಳು ನಡೆದಿದ್ದವು. ಪಾತ್ರೆಗಳನ್ನು ತಂತಿಯ ಗೂಡುಗಳಲ್ಲಿ ಅಲುಗದಂತೆ ಕೂರಿಸಿ, ಅವುಗಳ ಮೇಲೆ ಬಿಸಿ ಸೋಪಿನ ನೀರನ್ನು ರಭಸವಾಗಿ ಚಿಮ್ಮಿಸುವ ಉಪಾಯವನ್ನು ಕೆಲಸಕ್ಕೆ ಬರುವಂತೆ ರೂಪಿಸಿದ್ದು ಅವರ ಹೆಚ್ಚುಗಾರಿಕೆ. 1893ರ ಶಿಕಾಗೊ ವಿಶ್ವ ಮೇಳದಲ್ಲಿ ಆ ಯಂತ್ರ ಜನರ ಕಣ್ಣಿಗೆ ಬಿತ್ತು. ಯುರೋಪಿನಲ್ಲಿ ಜರ್ಮನಿಯ ಮೀಲೆ ಕಂಪನಿ 1929ರಲ್ಲಿ ವಿದ್ಯುತ್ ಚಾಲಿತ ಡಿಶ್‌ವಾಷರ್ ತಂದಿತು. ಇವತ್ತಿನ ಅತಿ ದುಬಾರಿ ಯಂತ್ರದಲ್ಲೂ ಮೂಲ ತತ್ವ ಅದೇ. ಒಳಗೆ ಬ್ರಷ್ ಇಲ್ಲ, ನಾರಿಲ್ಲ, ತಿಕ್ಕುವ ಕೈಯಿಲ್ಲ. ಚಿಮ್ಮುವ ನೀರೇ ಎಲ್ಲವನ್ನೂ ಮಾಡಬೇಕು.

ಯಂತ್ರ ಒಂದು ಸಲಕ್ಕೆ ಮೂರು ನಾಲ್ಕು ಲೀಟರ್ ನೀರು ತೆಗೆದುಕೊಂಡು, ಕಾಯಿಸಿ, ಅದೇ ನೀರನ್ನು ಸೋಸುತ್ತಾ ತಿರುಗುವ ರೆಕ್ಕೆಗಳ ತೂತುಗಳಿಂದ ಮತ್ತೆ ಮತ್ತೆ ಚಿಮ್ಮಿಸುತ್ತದೆ. ಕೊಳೆಯಾದ ನೀರನ್ನು ಚೆಲ್ಲಿ ಹೊಸ ನೀರು ತೆಗೆದುಕೊಳ್ಳುತ್ತದೆ. ಹೀಗೆ ಕೆಲವು ಬಾರಿ ನೀರು ಬದಲಾಗಿ ಒಟ್ಟು ಸುಮಾರು ಹತ್ತರಿಂದ ಹದಿಮೂರು ಲೀಟರ್ ಖರ್ಚಾಗುತ್ತದೆ. ಜರ್ಮನಿಯ ಹೆಂಕೆಲ್ ಕಂಪನಿಯ ರಸಾಯನ ವಿಜ್ಞಾನಿ ಹರ್ಬರ್ಟ್ ಸಿನ್ನರ್ ಸ್ವಚ್ಛಗೊಳಿಸುವ ಯಾವುದೇ ಕೆಲಸವನ್ನು ನಾಲ್ಕು ಅಂಶಗಳಾಗಿ ಬಿಡಿಸಿ ತೋರಿಸಿದ್ದರು: ರಾಸಾಯನಿಕ, ತಾಪ, ರಭಸ, ಸಮಯ. ಒಂದನ್ನು ಕಡಿಮೆ ಮಾಡಿದರೆ ಮತ್ತೊಂದನ್ನು ಹೆಚ್ಚಿಸಬೇಕು. ‘ಇಕೋ’ ಪ್ರೋಗ್ರಾಂ ಮೂರು ಗಂಟೆ ಮೀರಿ ಓಡುವುದು ಇದೇ ಕಾರಣಕ್ಕೆ. ಕರೆಂಟಿನ ಹೆಚ್ಚಿನ ಪಾಲು ನೀರು ಕಾಯಿಸಲು ಹೋಗುತ್ತದೆ. ಇಕೋದಲ್ಲಿ ತಾಪ ಕಡಿಮೆ, ಅದರ ಬದಲಿಗೆ ಸಮಯ ಹೆಚ್ಚು.

ನಮ್ಮ ಊಟಕ್ಕೂ ಈ ಲೆಕ್ಕ ಹೊಂದುತ್ತದೆ. ತಳಕ್ಕೆ ಹತ್ತಿದ ಮುದ್ದೆ, ತಟ್ಟೆಯಲ್ಲಿ ಒಣಗಿದ ಅನ್ನದ ಅಗುಳು ಎರಡೂ ಪಿಷ್ಟ. ಅದನ್ನು ಕರಗಿಸುವುದು ಪಾತ್ರೆ ತೊಳೆಯುವ ಪುಡಿಯಲ್ಲಿರುವ ಕಿಣ್ವಗಳ ಕೆಲಸ, ಅವಕ್ಕೆ ಬಿಸಿಗಿಂತ ಸಮಯ ಮುಖ್ಯ. ಬಾಣಲೆಯ ಜಿಡ್ಡಿಗೆ ತಾಪ ಬೇಕು. ಅರಿಸಿನದ ಕಲೆಯನ್ನು ಮಾಸಲುಗೊಳಿಸುವುದು ಪುಡಿಯಲ್ಲಿನ ಬ್ಲೀಚ್. ಸ್ಟೀಲಿನ ಮೇಲಿನ ಅರಿಸಿನ ಹೋಗುತ್ತದೆ, ಪ್ಲಾಸ್ಟಿಕ್ ಡಬ್ಬಿಯೊಳಕ್ಕೆ ಇಳಿದದ್ದು ಯಾವ ಬ್ರ್ಯಾಂಡಿನ ಯಂತ್ರದಲ್ಲೂ ಪೂರ್ತಿ ಹೋಗುವುದಿಲ್ಲ. ಬರೀ ತೊಳೆಯುವ ಶಕ್ತಿಯನ್ನೇ ನೋಡಿದರೆ ಒಳ್ಳೆಯ ಮಧ್ಯಮ ಬೆಲೆಯ ಯಂತ್ರಕ್ಕೂ ದುಬಾರಿ ಯಂತ್ರಕ್ಕೂ ಅಂತರ ಸಣ್ಣದು. ನಾಲ್ಕು ಅಂಶಗಳಲ್ಲಿ ಯಾವುದೂ ಒಂದೇ ಕಂಪನಿಯ ಸ್ವತ್ತಲ್ಲ.

ಹೆಸರು ಹಲವು, ಮನೆತನ ಕೆಲವು

ಮಳಿಗೆಯಲ್ಲಿ ಕಾಣುವ ಸ್ಪರ್ಧೆ ನಿಜದಲ್ಲಿ ಅಷ್ಟಿಲ್ಲ. ಬಾಷ್, ಸೀಮೆನ್ಸ್, ನೆಫ್, ಗ್ಯಾಗನೌ ನಾಲ್ಕೂ ಬಿಎಸ್‌ಎಚ್ ಎಂಬ ಒಂದೇ ಸಂಸ್ಥೆಯವು. 1967ರಲ್ಲಿ ಬಾಷ್ ಮತ್ತು ಸೀಮೆನ್ಸ್ ಜಂಟಿಯಾಗಿ ಕಟ್ಟಿದ ಈ ಸಂಸ್ಥೆಯಲ್ಲಿ ಸೀಮೆನ್ಸ್‌ನ ಪಾಲನ್ನೂ 2015ರಲ್ಲಿ ಬಾಷ್ ಕೊಂಡುಕೊಂಡಿತು. ಸ್ವೀಡನ್ ಮೂಲದ ಆಸ್ಕೊ ಈಗ ಸ್ಲೊವೇನಿಯಾದ ಗೊರೆನ್ಯೆಯ ಮೂಲಕ ಚೀನಾದ ಹೈಸೆನ್ಸ್ ಬಳಗಕ್ಕೆ ಸೇರಿದೆ. ಕಾಕ್ರೇನ್ ಅವರ ಕಂಪನಿ ಹೋಬಾರ್ಟ್ ಎಂಬ ಸಂಸ್ಥೆಯ ಕೈಗೆ ಹೋಗಿ ಕಿಚನ್‌ಏಡ್ ಡಿಶ್‌ವಾಷರ್ ಆಯಿತು. ಆ ಹೆಸರನ್ನು 1986ರಲ್ಲಿ ವರ್ಲ್‌ಪೂಲ್ ಕೊಂಡಿತು. ದೊಡ್ಡ ಹೆಸರುಗಳ ನಡುವೆ ಮೀಲೆ ಮಾತ್ರ 1899ರಲ್ಲಿ ಅದನ್ನು ಹುಟ್ಟುಹಾಕಿದ ಎರಡು ಕುಟುಂಬಗಳ ಕೈಯಲ್ಲೇ ಉಳಿದಿದೆ.

ಕೊಳ್ಳುವವರಿಗೆ ಇದರಿಂದ ಒಂದು ಪಾಠವಿದೆ. ಬಾಷ್ ಮೇಲೋ ಸೀಮೆನ್ಸ್ ಮೇಲೋ ಎಂದು ವಾರಗಟ್ಟಲೆ ತಲೆ ಕೆಡಿಸಿಕೊಳ್ಳುವುದು ದಂಡ. ಒಂದೇ ಸಂಸ್ಥೆಯ ಎರಡು ಹೆಸರಿನ, ಸರಿಸಮಾನ ದರ್ಜೆಯ ಮಾದರಿಗಳಲ್ಲಿ ಒಳಗಿನ ತಂತ್ರ ಬಹುಪಾಲು ಒಂದೇ ಇರುತ್ತದೆ. ಬಾಗಿಲಿನ ರೂಪ, ಗುಂಡಿಗಳ ಜಾಗ, ಪ್ರೋಗ್ರಾಂಗಳ ಹೆಸರು ಬೇರೆ ಇರಬಹುದು. ಹೋಲಿಕೆ ನಡೆಯಬೇಕಾದದ್ದು ಮಾದರಿ ಮಾದರಿಗಳ ನಡುವೆ. ಅದೇ ಬ್ರ್ಯಾಂಡಿನ ಕೆಳದರ್ಜೆಗೂ ಮೇಲ್ದರ್ಜೆಗೂ ಇರುವ ಅಂತರ, ಎರಡು ಬ್ರ್ಯಾಂಡ್‌ಗಳ ನಡುವಿನದ್ದಕ್ಕಿಂತ ಎಷ್ಟೋ ಸಲ ದೊಡ್ಡದು.

ನೀರೇ ಮೊದಲ ಪ್ರಶ್ನೆ

ಕರ್ನಾಟಕದಲ್ಲಿ ಡಿಶ್‌ವಾಷರ್ ಮೇಲಿನ ದೂರುಗಳಲ್ಲಿ ಅನೇಕವು ನಿಜವಾಗಿ ನೀರಿನ ಮೇಲಿನ ದೂರುಗಳು. ಗಾಜಿನ ಲೋಟದ ಮೇಲೆ ಬಿಳಿ ಪೊರೆ, ಸ್ಟೀಲ್ ತಟ್ಟೆಯಲ್ಲಿ ಮಚ್ಚೆ, ಯಂತ್ರದ ಒಳಗೋಡೆಯಲ್ಲಿ ಸುಣ್ಣದಂಥ ಪದರ, ಇವೆಲ್ಲ ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳ ಕೆಲಸ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ನಡೆಯುತ್ತದೆ. ಬಯಲುಸೀಮೆಯ ಆಳದ ಬೋರ್‌ವೆಲ್‌ಗಳಲ್ಲಿ ಈ ಅಂಕಿ ಸುಲಭವಾಗಿ ಮೇಲೇರುತ್ತದೆ. ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಂತೂ ಕಾವೇರಿ ನೀರು, ಬೋರ್ ನೀರು, ಟ್ಯಾಂಕರ್ ನೀರು ಮೂರೂ ಒಂದೇ ಸಂಪಿಗೆ ಬೀಳುತ್ತವೆ. ಮಳೆಗಾಲದಲ್ಲಿ ಹದವಾಗಿದ್ದ ನೀರು ಏಪ್ರಿಲ್ ಹೊತ್ತಿಗೆ ಬೇರೆಯೇ ಆಗಿರುತ್ತದೆ.

ಇದಕ್ಕಾಗಿ ಯುರೋಪಿನ ಯಂತ್ರಗಳ ಹೊಟ್ಟೆಯಲ್ಲೇ ಒಂದು ಸಾಫ್ಟನರ್ ಇರುತ್ತದೆ. ಅದರೊಳಗಿನ ರೆಸಿನ್ ಮಣಿಗಳು ನೀರಿನ ಕ್ಯಾಲ್ಸಿಯಂ ಹಿಡಿದುಕೊಂಡು ಬದಲಿಗೆ ಸೋಡಿಯಂ ಬಿಡುತ್ತವೆ. ಮಣಿಗಳು ತುಂಬಿದ ಮೇಲೆ ಉಪ್ಪಿನ ನೀರು ಹಾಯಿಸಿ ಅವನ್ನು ತೊಳೆಯಬೇಕು. ಯಂತ್ರದ ತಳದ ಮುಚ್ಚಳ ತೆಗೆದು ಸುರಿಯುವ ಹರಳುಪ್ಪು ಇದಕ್ಕೇ. ಅಡುಗೆಯ ಪುಡಿ ಉಪ್ಪನ್ನು ಹಾಕಬಾರದು, ಅದರಲ್ಲಿ ಬೆರೆಸಿದ ಇತರ ವಸ್ತುಗಳು ಸಾಫ್ಟನರನ್ನು ಹಾಳು ಮಾಡುತ್ತವೆ. ಎಲ್ಲ ಸಾಫ್ಟನರ್‌ಗಳ ತಾಕತ್ತು ಒಂದೇ ಅಲ್ಲ ಎಂಬುದನ್ನು ಮಳಿಗೆಯಲ್ಲಿ ಯಾರೂ ಹೇಳುವುದಿಲ್ಲ. ಬಾಷ್‌ನ ಕೈಪಿಡಿಗಳು ಸಾಮಾನ್ಯವಾಗಿ 50 ಜರ್ಮನ್ ಡಿಗ್ರಿಯವರೆಗೆ, ಅಂದರೆ ಲೀಟರಿಗೆ ಸುಮಾರು 890 ಮಿಲಿಗ್ರಾಂವರೆಗೆ ಹೊಂದಿಸುವ ಅವಕಾಶ ಕೊಡುತ್ತವೆ. ಮೀಲೆಯ ಯಂತ್ರಗಳಲ್ಲಿ ಅದು 70 ಡಿಗ್ರಿ, ಅಂದರೆ ಸುಮಾರು 1,250 ಮಿಲಿಗ್ರಾಂವರೆಗೂ ಹೋಗುತ್ತದೆ. ಅಮೆರಿಕದ ಮಾರುಕಟ್ಟೆಗೆಂದೇ ಮಾಡಿದ ಅನೇಕ ಯಂತ್ರಗಳಲ್ಲಿ ಸಾಫ್ಟನರೇ ಇರುವುದಿಲ್ಲ. ಅಲ್ಲಿಂದ ಊರಿಗೆ ಮರಳುವಾಗ ಡಿಶ್‌ವಾಷರ್ ಹೊತ್ತು ತರುವ ಕನ್ನಡಿಗರು, ವೋಲ್ಟೇಜ್ ವ್ಯತ್ಯಾಸದ ಜೊತೆಗೆ ಇದನ್ನೂ ಯೋಚಿಸಬೇಕು.

ಹೀಗಾಗಿ ಮೊದಲ ಖರ್ಚು ನೀರಿನ ಪರೀಕ್ಷೆಗೆ ಆಗಲಿ. ಅಕ್ವೇರಿಯಂ ಅಂಗಡಿಗಳಲ್ಲಿ ಸಿಗುವ ಗಡಸುತನ ಪರೀಕ್ಷೆಯ ಕಿಟ್ ಸಾಕು, ಇಲ್ಲವೇ ನೀರು ಪರೀಕ್ಷಿಸುವ ಪ್ರಯೋಗಾಲಯಕ್ಕೆ ಬಾಟಲಿ ಕೊಡಬಹುದು. ಟಿಡಿಎಸ್ ಮೀಟರ್ ಇದಕ್ಕೆ ಆಗುವುದಿಲ್ಲ. ಅದು ಕರಗಿದ ಎಲ್ಲ ಲವಣಗಳ ಒಟ್ಟು ಮೊತ್ತ ಹೇಳುತ್ತದೆ, ಗಡಸುತನವನ್ನಲ್ಲ. ಸಾಫ್ಟನರ್ ಒಂದು ಲವಣ ತೆಗೆದು ಇನ್ನೊಂದನ್ನು ಬಿಡುವುದರಿಂದ, ನೀರು ಮೆದುವಾದ ಮೇಲೂ ಟಿಡಿಎಸ್ ಅಂಕಿ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ. ವರ್ಷದಲ್ಲಿ ಅತಿ ಗಡಸಾಗುವ ಕಾಲದ ಅಂಕಿಯನ್ನು ಹಿಡಿದು ಯಂತ್ರ ಆರಿಸಬೇಕು. ಕರಾವಳಿ, ಮಲೆನಾಡಿನ ಬಾವಿ ನೀರು ಬಹುಪಾಲು ಮೆದು. ಅಂಥ ಮನೆಯವರು ದೊಡ್ಡ ಸಾಫ್ಟನರಿಗೆ ಹೆಚ್ಚಿನ ಹಣ ಕೊಡಬೇಕಿಲ್ಲ. ತೀರಾ ಮೆದು ನೀರಿನಲ್ಲಿ ಪುಡಿ ಹೆಚ್ಚಾದರೆ ಗಾಜು ಕಾಲಕ್ರಮೇಣ ಮಂಕಾಗುವುದುಂಟು, ಅವರು ಆ ಎಚ್ಚರ ವಹಿಸಿದರೆ ಸಾಕು.

ನೀರಿನ ಒತ್ತಡವೂ ಇದೇ ಲೆಕ್ಕಕ್ಕೆ ಸೇರಬೇಕು. ಅನೇಕ ಯಂತ್ರಗಳು ಕನಿಷ್ಠ 0.5 ಬಾರ್ ಒತ್ತಡ ಕೇಳುತ್ತವೆ. ಅದಕ್ಕೆ ಟ್ಯಾಂಕಿನ ನೀರು ಯಂತ್ರಕ್ಕಿಂತ ಸುಮಾರು ಐದು ಮೀಟರ್ ಮೇಲಿರಬೇಕು. ಒಂದೇ ಅಂತಸ್ತಿನ ಮನೆಯ ತಾರಸಿಯ ಮೇಲೆ ಸಿಂಟೆಕ್ಸ್ ಟ್ಯಾಂಕ್ ಇಟ್ಟವರಿಗೆ ಅಷ್ಟು ಎತ್ತರ ಸಿಗುವುದು ಕಷ್ಟ. ಅಂಥಲ್ಲಿ ಪ್ರೆಶರ್ ಪಂಪಿನ ಖರ್ಚನ್ನೂ ಸೇರಿಸಿಕೊಳ್ಳಬೇಕು.

ನಮ್ಮ ಪಾತ್ರೆ, ಅವರ ಬುಟ್ಟಿ

‘13 ಪ್ಲೇಸ್ ಸೆಟ್ಟಿಂಗ್’ ಎಂದು ಚೀಟಿಯಲ್ಲಿ ಬರೆದಿರುವುದು ಯುರೋಪಿನ ಊಟದ ಮೇಜಿನ ಲೆಕ್ಕ. ಒಬ್ಬರಿಗೆ ಇಷ್ಟು ತಟ್ಟೆ, ಒಂದು ಲೋಟ, ಒಂದು ಕಪ್ಪು ಸಾಸರು, ಚಮಚ, ಮುಳ್ಳುಚಮಚ ಎಂಬ ಎಣಿಕೆ ಅದು. ನಾಲ್ಕು ಜನರ ಕನ್ನಡದ ಮನೆಯಲ್ಲಿ ತಟ್ಟೆಗಳಿಗಿಂತ ಹೆಚ್ಚು ಜಾಗ ಬೇಡುವುದು ಕುಕ್ಕರ್, ಸಾರಿನ ಪಾತ್ರೆ, ಬಾಣಲೆ, ಹಾಲಿನ ಪಾತ್ರೆ, ಮಿಕ್ಸಿ ಜಾರು, ಇಡ್ಲಿ ಸ್ಟ್ಯಾಂಡು, ದೋಸೆ ಹಿಟ್ಟಿನ ಡಬರಿ. ಅದಕ್ಕೇ ನಮಗೆ ಸೆಟ್ಟಿಂಗ್‌ಗಳ ಸಂಖ್ಯೆಗಿಂತ ಬುಟ್ಟಿಯ ರಚನೆ ಮುಖ್ಯ. ಕೆಳಬುಟ್ಟಿಯ ಕಂಬಿಗಳು ಪೂರ್ತಿ ಮಡಚಬೇಕು. ಮೇಲ್ಬುಟ್ಟಿಯನ್ನು ಪಾತ್ರೆ ತುಂಬಿರುವಾಗಲೂ ಮೇಲೆ ಕೆಳಗೆ ಮಾಡುವಂತಿರಬೇಕು. ಸೌಟು, ಜಾಲರಿಗಳಿಗೆ ಮೂರನೆಯ ಬುಟ್ಟಿ ಇದ್ದರೆ ಕೆಳಗಿನ ಜಾಗ ಉಳಿಯುತ್ತದೆ. ಈ ಸೌಕರ್ಯಗಳು ಒಂದೇ ಬ್ರ್ಯಾಂಡಿನ ಅಗ್ಗದ ಮಾದರಿಯಲ್ಲಿ ಇರದೆ ಮೇಲಿನದರಲ್ಲಿ ಇರುವುದು ಸಾಮಾನ್ಯ. ಹೆಚ್ಚು ಹಣಕ್ಕೆ ನಿಜವಾದ ಪ್ರತಿಫಲ ಸಿಗುವ ಜಾಗ ಇದು.

ಮನೆಯ ಅತಿ ದೊಡ್ಡ ಪಾತ್ರೆಯ ಅಗಲ, ಎತ್ತರವನ್ನು ಅಳೆದು ಬರೆದುಕೊಂಡು ಮಳಿಗೆಗೆ ಹೋಗಬೇಕು, ಸಾಧ್ಯವಾದರೆ ಪಾತ್ರೆಯನ್ನೇ ಒಯ್ದು ಇಟ್ಟು ನೋಡಬೇಕು. ಕುಕ್ಕರನ್ನು ಬಾಯಿ ಕೆಳಗೆ ಮಾಡಿ ತುಸು ಓರೆಯಾಗಿ ಕೂರಿಸಿ, ನೀರು ಚಿಮ್ಮುವ ರೆಕ್ಕೆಯನ್ನು ಬೆರಳಲ್ಲಿ ತಿರುಗಿಸಿ ನೋಡಬೇಕು. ಅದು ಎಲ್ಲೂ ತಾಕದೆ ಪೂರ್ತಿ ಸುತ್ತು ಬಂದರೆ ಆ ಬುಟ್ಟಿ ನಿಮ್ಮ ಮನೆಗೆ ಆದೀತು. ತಾಕಿ ನಿಂತರೆ, ಮನೆಯಲ್ಲೂ ಪ್ರತಿ ರಾತ್ರಿ ಅರ್ಧ ಪಾತ್ರೆ ಕೊಳೆಯಾಗಿಯೇ ಉಳಿಯುತ್ತದೆ.

ಯಂತ್ರಕ್ಕೆ ಹಾಕಬಾರದ ಪಾತ್ರೆಗಳೂ ಇವೆ. ಪುಡಿಯ ಕ್ಷಾರದಿಂದ ಅಲ್ಯೂಮಿನಿಯಂ ಕಪ್ಪಾಗುತ್ತದೆ, ಅಲ್ಯೂಮಿನಿಯಂ ಕುಕ್ಕರ್ ಇರುವವರು ಸ್ಟೀಲಿಗೆ ಬದಲಾಗಬೇಕು, ಇಲ್ಲವೇ ಅದನ್ನು ಕೈಯಲ್ಲೇ ತೊಳೆಯಬೇಕು. ಪಳಗಿದ ಕಬ್ಬಿಣದ ಕಾವಲಿ, ಕಲ್ಲುಚಟ್ಟಿ, ಹಿತ್ತಾಳೆ, ತಾಮ್ರ, ಮರದ ಸೌಟು ಯಾವುದೂ ಒಳಗೆ ಹೋಗಬಾರದು. ಪಾತ್ರೆಗಳಲ್ಲಿ ಅರ್ಧದಷ್ಟು ಈ ಪಟ್ಟಿಯಲ್ಲೇ ಇದ್ದರೆ ಲಕ್ಷ ರೂಪಾಯಿಯ ಯಂತ್ರವೂ ಅರ್ಧ ಕೆಲಸವನ್ನಷ್ಟೇ ಮಾಡುತ್ತದೆ. ಅಂಥ ಮನೆಗೆ ದುಬಾರಿ ಯಂತ್ರ ತಕ್ಕದ್ದಲ್ಲ.

ಹೆಚ್ಚಿನ ಹಣಕ್ಕೆ ಸಿಗುವುದು

ದುಬಾರಿ ಯಂತ್ರ ಕೊಡುವ ಮೊದಲ ಲಾಭ ಒಣಗಿಸುವಿಕೆ. ಸಾಮಾನ್ಯ ಯಂತ್ರದಲ್ಲಿ ಕೊನೆಯ ಬಿಸಿ ನೀರಿನ ಕಾವಿನಿಂದಲೇ ಪಾತ್ರೆ ಒಣಗಬೇಕು. ಸ್ಟೀಲು, ಪಿಂಗಾಣಿ ಕಾವು ಹಿಡಿದುಕೊಳ್ಳುವುದರಿಂದ ಒಣಗುತ್ತವೆ, ಪ್ಲಾಸ್ಟಿಕ್ ಒದ್ದೆಯಾಗಿ ಉಳಿಯುತ್ತದೆ. ಬಿಎಸ್‌ಎಚ್‌ನ ಮೇಲ್ದರ್ಜೆಯ ಮಾದರಿಗಳಲ್ಲಿ ಜಿಯೋಲೈಟ್ ಎಂಬ ಖನಿಜವನ್ನು ಬಳಸುತ್ತಾರೆ. ಅದು ತೇವ ಹೀರಿಕೊಂಡು ಶಾಖ ಬಿಡುತ್ತದೆ, ಮುಂದಿನ ಸಲ ಕಾಯ್ದಾಗ ಆ ತೇವವನ್ನು ಬಿಟ್ಟು ಮತ್ತೆ ಸಿದ್ಧವಾಗುತ್ತದೆ. ಮೀಲೆ ಮತ್ತಿತರ ಯಂತ್ರಗಳಲ್ಲಿ ಕೊನೆಗೆ ಬಾಗಿಲು ತಾನಾಗಿ ತುಸು ತೆರೆದುಕೊಂಡು ಆವಿ ಹೊರಗೆ ಹೋಗುತ್ತದೆ. ಬೆಳಿಗ್ಗೆ ಮಕ್ಕಳ ಊಟದ ಡಬ್ಬಿ ಒಣಗಿ ಸಿಗಬೇಕೆನ್ನುವ ಮನೆಗೆ ಇದು ಬೆಲೆಯುಳ್ಳ ಸೌಕರ್ಯ. ಒದ್ದೆ ಡಬ್ಬಿಯನ್ನು ಬಟ್ಟೆಯಿಂದ ಒರೆಸಲು ತಕರಾರಿಲ್ಲದವರಿಗೆ ಅಲ್ಲ.

ಎರಡನೆಯದು ಸದ್ದು. ಅಡುಗೆಮನೆ, ಹಾಲು, ಮಲಗುವ ಕೋಣೆ ಒತ್ತೊತ್ತಿಗೆ ಇರುವ ಫ್ಲ್ಯಾಟುಗಳಲ್ಲಿ ರಾತ್ರಿ ಯಂತ್ರ ಹಾಕಿ ಮಲಗುವವರಿಗೆ 50 ಡೆಸಿಬಲ್‌ಗೂ 42ಕ್ಕೂ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಹತ್ತು ಡೆಸಿಬಲ್ ಇಳಿದರೆ ಕಿವಿಗೆ ಸದ್ದು ಸುಮಾರು ಅರ್ಧವಾದಂತೆ. ಮೂರನೆಯದು ಬಾಳಿಕೆ. ಮೀಲೆ ತನ್ನ ಯಂತ್ರಗಳನ್ನು ಇಪ್ಪತ್ತು ವರ್ಷದ ಬಳಕೆಗೆ ಸಮನಾಗಿ ಪರೀಕ್ಷಿಸುವುದಾಗಿ ಹೇಳಿಕೊಳ್ಳುತ್ತದೆ. ಆದರೆ ಆ ಬಾಳಿಕೆಯ ಪೂರ್ತಿ ಫಲ ದಕ್ಕುವುದು ಅಷ್ಟು ಕಾಲ ಅದನ್ನು ಇಟ್ಟುಕೊಳ್ಳುವವರಿಗೆ. ಎರಡು ಮೂರು ವರ್ಷಕ್ಕೊಮ್ಮೆ ಬಾಡಿಗೆ ಮನೆ ಬದಲಿಸುವವರು ಇದಕ್ಕೆ ದುಬಾರಿ ಬೆಲೆ ಕೊಟ್ಟರೆ, ಬಳಸದ ವರ್ಷಗಳಿಗೂ ಈಗಲೇ ಹಣ ಕಟ್ಟಿದಂತೆ.

ಇನ್ನು ಕೆಲವು ಸೌಕರ್ಯಗಳು ಆಕರ್ಷಕ, ಆದರೆ ಅವಕ್ಕೆ ಬೆನ್ನು ಬೀಳುವ ಖರ್ಚಿದೆ. ಮೀಲೆಯ ಕೆಲವು ಮಾದರಿಗಳು ಪುಡಿಯನ್ನು ತಾವೇ ಅಳೆದು ಹಾಕಿಕೊಳ್ಳುತ್ತವೆ, ಅದಕ್ಕೆ ಅದೇ ಕಂಪನಿಯ ಡಿಸ್ಕ್ ಬೇಕು. ಸಾಮಾನ್ಯ ಪುಡಿಯಲ್ಲೂ ಆ ಯಂತ್ರ ಓಡುತ್ತದೆ. ಆದರೆ ಡಿಸ್ಕ್ ನಿಮ್ಮ ಊರಿಗೆ ಸಲೀಸಾಗಿ ಬಾರದಿದ್ದರೆ ಆ ಸೌಕರ್ಯಕ್ಕೆ ಕೊಟ್ಟ ಹಣ ಹೋದಂತೆಯೇ. ಮೊಬೈಲಿನಿಂದ ಯಂತ್ರ ನಡೆಸುವ ಸೌಲಭ್ಯವೂ ತಟ್ಟೆಯನ್ನು ಇನ್ನಷ್ಟು ಸ್ವಚ್ಛ ಮಾಡುವುದಿಲ್ಲ.

ಕೆಟ್ಟರೆ ಬರುವವರು ಯಾರು

ಯುರೋಪಿನ ಒಕ್ಕೂಟದಲ್ಲಿ 2021ರ ಮಾರ್ಚ್‌ನಿಂದ ಒಂದು ನಿಯಮ ಜಾರಿಯಲ್ಲಿದೆ. ಮಾದರಿಯ ಮಾರಾಟ ನಿಂತ ಮೇಲೂ ಪಂಪು, ಮೋಟಾರಿನಂಥ ಬಿಡಿಭಾಗಗಳು ಕನಿಷ್ಠ ಏಳು ವರ್ಷ, ಬಾಗಿಲಿನ ರಬ್ಬರ್, ಬುಟ್ಟಿ, ಫಿಲ್ಟರಿನಂಥವು ಹತ್ತು ವರ್ಷ ಸಿಗಬೇಕು, ಕೇಳಿದ 15 ಕೆಲಸದ ದಿನಗಳೊಳಗೆ ತಲುಪಬೇಕು. ನಮ್ಮಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ದುರಸ್ತಿ ಹಕ್ಕಿನ ಪೋರ್ಟಲ್ ತೆರೆದಿದೆ, ಅದು ಬರೀ ಮಾಹಿತಿಯ ವ್ಯವಸ್ಥೆ, ಬಿಡಿಭಾಗ ಕೊಡಲೇಬೇಕೆಂಬ ಕಡ್ಡಾಯವಲ್ಲ. ಹಾಗಾಗಿ ಅದೇ ಯಂತ್ರ ಜರ್ಮನಿಯಲ್ಲಿ ಪಡೆಯುವ ಆಯುಸ್ಸು ಇಲ್ಲಿ ಕಂಪನಿಯ ಸರ್ವಿಸ್ ಜಾಲದ ಮೇಲೆ ನಿಂತಿದೆ.

ಬ್ರ್ಯಾಂಡಿನ ನಿಜವಾದ ಬೆಲೆ ಇಲ್ಲಿ ತಿಳಿಯುತ್ತದೆ. ಬೆಂಗಳೂರಿನಲ್ಲಿ ಎರಡು ದಿನಕ್ಕೆ ಬರುವ ತಂತ್ರಜ್ಞ ಶಿವಮೊಗ್ಗಕ್ಕೋ ಕಲಬುರಗಿಗೋ ಎಷ್ಟು ದಿನಕ್ಕೆ ಬರುತ್ತಾನೆ? ನೀರು ಚಿಮ್ಮಿಸುವ ಪಂಪ್ ಕೆಟ್ಟರೆ ಬೆಲೆ ಎಷ್ಟು, ದಾಸ್ತಾನು ದೇಶದೊಳಗಿದೆಯೇ? ವಾರಂಟಿ ಮುಗಿದ ಮೇಲೆ ವಾರ್ಷಿಕ ನಿರ್ವಹಣೆಯ ಒಪ್ಪಂದಕ್ಕೆ ಎಷ್ಟು? ಈ ಪ್ರಶ್ನೆಗಳನ್ನು ಮಳಿಗೆಯವರಿಗೆ ಕೇಳದೆ ನೇರವಾಗಿ ಕಂಪನಿಯ ಸಹಾಯವಾಣಿಗೆ ಕೇಳಿ, ನಿಮ್ಮ ಪಿನ್‌ಕೋಡ್ ಹೇಳಿ ಉತ್ತರ ಪಡೆಯಬೇಕು. ನಿಮ್ಮ ಊರಿಗೆ ಸರ್ವಿಸ್ ತಲುಪದ ಅತ್ಯುತ್ತಮ ಯಂತ್ರಕ್ಕಿಂತ, ತಂತ್ರಜ್ಞ ಬರುವ ಸಾಧಾರಣ ಯಂತ್ರವೇ ಮೇಲು.

ಕೇಳಿಬರುವ ಆಕ್ಷೇಪಗಳು

‘ಪಾತ್ರೆಯನ್ನು ತೊಳೆದೇ ಯಂತ್ರಕ್ಕೆ ಇಡಬೇಕು, ಹಾಗಿದ್ದರೆ ಯಂತ್ರ ಯಾಕೆ’ ಎನ್ನುವವರಿದ್ದಾರೆ. ತೊಳೆಯಬೇಕಿಲ್ಲ, ಬಳಿದರೆ ಸಾಕು. ಒಗ್ಗರಣೆಯ ಸಾಸಿವೆ, ಕರಿಬೇವು, ಹುಣಸೆಯ ನಾರು ಫಿಲ್ಟರಿಗೆ ಹೋಗದಂತೆ ಮುಸುರೆ ತೆಗೆದು ಇಡಬೇಕು, ಫಿಲ್ಟರನ್ನು ಆಗಾಗ ಬಿಚ್ಚಿ ತೊಳೆಯಬೇಕು. ಸೆನ್ಸರ್ ಇರುವ ಯಂತ್ರ ನೀರು ಎಷ್ಟು ಕೊಳೆಯಾಗಿದೆ ಎಂದು ನೋಡಿ ತನ್ನ ಕೆಲಸ ನಿರ್ಧರಿಸುತ್ತದೆ. ನಲ್ಲಿಯಡಿ ಪೂರ್ತಿ ತೊಳೆದಿಟ್ಟರೆ ಕೊಳೆ ಇಲ್ಲವೆಂದು ಅದು ಹಗುರವಾಗಿ ತೊಳೆದು ಮುಗಿಸುತ್ತದೆ, ಅಂಟಿದ್ದದ್ದು ಅಂಟಿಯೇ ಇರುತ್ತದೆ.

ನೀರು ಪೋಲಾಗುತ್ತದೆ ಎಂಬುದು ಇನ್ನೊಂದು ಮಾತು. ಜರ್ಮನಿಯ ಬಾನ್ ವಿಶ್ವವಿದ್ಯಾಲಯದ ಸಂಶೋಧಕರು ಯುರೋಪಿನ ಬೇರೆ ಬೇರೆ ದೇಶಗಳ ಜನರಿಂದ ಹನ್ನೆರಡು ಜನರ ಊಟದ ಪಾತ್ರೆಗಳನ್ನು ಕೈಯಲ್ಲಿ ತೊಳೆಸಿದಾಗ ಸರಾಸರಿ 103 ಲೀಟರ್ ಖರ್ಚಾಗಿತ್ತು. ಇದನ್ನು ಹಾಗೇ ನಮಗೆ ಅನ್ವಯಿಸಲಾಗದು. ಬಕೆಟ್ಟಿನಲ್ಲಿ ಹಿಡಿದ ನೀರಿನಲ್ಲಿ ಅಚ್ಚುಕಟ್ಟಾಗಿ ತೊಳೆಯುವ ಮನೆಗಳು ನಮ್ಮಲ್ಲಿ ಬಹಳ ಇವೆ. ಆದರೆ ನಲ್ಲಿ ಬಿಟ್ಟುಕೊಂಡು ಸಿಂಕಿನಲ್ಲಿ ತೊಳೆಯುವ ನಗರದ ಅಭ್ಯಾಸಕ್ಕೆ ಹೋಲಿಸಿದರೆ, ತುಂಬಿಸಿ ಓಡಿಸಿದ ಯಂತ್ರ ನೀರು ಉಳಿಸುವುದು ಖಚಿತ. 2024ರ ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾದ ಬೆಂಗಳೂರಿಗರಿಗೆ ಅದರ ಬೆಲೆ ಗೊತ್ತು. ಅರ್ಧ ತುಂಬಿಸಿ ಓಡಿಸಿದರೆ ಮಾತ್ರ ಆ ಲಾಭ ಕರಗುತ್ತದೆ.

ಮನೆಗೆಲಸದವರ ದುಡಿಮೆ ಹೋಗುತ್ತದೆ ಎಂಬ ಆಕ್ಷೇಪ ಎಲ್ಲಕ್ಕಿಂತ ಗಂಭೀರ, ಅದನ್ನು ತಳ್ಳಿಹಾಕಬಾರದು. ಮನೆಗೆಲಸವನ್ನು ಕನಿಷ್ಠ ವೇತನದ ವ್ಯಾಪ್ತಿಗೆ 2004ರಲ್ಲೇ ತಂದ ರಾಜ್ಯ ನಮ್ಮದು. ಯಂತ್ರ ಬಂತೆಂದು ಕೆಲಸದವರ ಸಂಬಳಕ್ಕೆ ಕತ್ತರಿ ಹಾಕುವುದು ಅನ್ಯಾಯ. ನೆಲ, ಬಟ್ಟೆ, ಅಡುಗೆಯ ತಯಾರಿ ಹೀಗೆ ಕೆಲಸ ಬದಲಾಗಲಿ, ಸಂಬಳ ಉಳಿಯಲಿ. ಅದೇ ಹೊತ್ತಿಗೆ ಕೆಲಸದವರನ್ನೇ ಇಟ್ಟುಕೊಳ್ಳದ ಲಕ್ಷಾಂತರ ಮನೆಗಳಲ್ಲಿ ಸಿಂಕಿನ ಮುಂದೆ ನಿಲ್ಲುವವರು ಯಾರು ಎಂಬುದನ್ನೂ ನೋಡಬೇಕು. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಮಹಿಳೆಯರು ಅದಕ್ಕೆ ದಿನಕ್ಕೆ 289 ನಿಮಿಷ ಕೊಟ್ಟರೆ ಪುರುಷರು 88 ನಿಮಿಷ ಕೊಡುತ್ತಾರೆ. ಈ ಯಂತ್ರದ ಕುರಿತ ಚರ್ಚೆ ಆ ಅಂತರವನ್ನು ಬಿಟ್ಟು ನಡೆಯಬಾರದು.

ಹಾಗಾದರೆ ಯಾವುದು?

ನೀರಿನ ಗಡಸುತನ ಲೀಟರಿಗೆ 800 ಮಿಲಿಗ್ರಾಂ ಒಳಗಿದ್ದು, ಪಾತ್ರೆ ಬಹುಪಾಲು ಸ್ಟೀಲಿನದಾಗಿದ್ದರೆ, ಮಡಚುವ ಕಂಬಿ, ಎತ್ತರ ಬದಲಿಸುವ ಬುಟ್ಟಿ, 70 ಡಿಗ್ರಿ ಸೆಲ್ಸಿಯಸ್‌ನಲ್ಲಿ ತೊಳೆಯುವ ಪ್ರೋಗ್ರಾಂ ಇರುವ ಮಧ್ಯಮ ದರ್ಜೆಯ ಯಂತ್ರ ಸಾಕು. ನಮ್ಮ ಅಡುಗೆಯನ್ನು ಗಮನದಲ್ಲಿಟ್ಟು ಬಾಷ್ ‘ಕಡಾಯಿ’ ಹೆಸರಿನ ಪ್ರೋಗ್ರಾಮನ್ನೇ ಕೊಟ್ಟಿದೆ. ಐಎಫ್‌ಬಿ, ಎಲ್‌ಜಿ ಕೂಡ ಈ ವಲಯದಲ್ಲಿವೆ. ಇವುಗಳಲ್ಲಿ ನಿಮ್ಮ ಪಿನ್‌ಕೋಡಿಗೆ ಬೇಗ ಬರುವ ಸರ್ವಿಸ್ ಯಾರದೋ ಅವರದನ್ನು ಕೊಳ್ಳಿ. ಸ್ವಂತ ಮನೆಯಲ್ಲಿ ಹದಿನೈದು ಇಪ್ಪತ್ತು ವರ್ಷ ನೆಲೆಸುವವರು, ನೀರು ಅತಿ ಗಡಸಾಗಿರುವವರು, ರಾತ್ರಿಯ ನಿಶ್ಶಬ್ದವೂ ಒಣ ಡಬ್ಬಿಯೂ ಬೇಕೆನ್ನುವವರು, ಅಧಿಕೃತ ಸರ್ವಿಸ್ ಇರುವ ನಗರದಲ್ಲಿದ್ದರೆ ಮೀಲೆಯಂಥದ್ದಕ್ಕೋ ಬಿಎಸ್‌ಎಚ್‌ನ ಮೇಲ್ದರ್ಜೆಗೋ ಹೆಚ್ಚು ಕೊಡುವುದರಲ್ಲಿ ಅರ್ಥವಿದೆ, ನೀರು 890 ಮಿಲಿಗ್ರಾಂ ದಾಟಿದ್ದರೆ ಮಾತ್ರ ಮೀಲೆಯಂಥದ್ದೇ ಆಗಬೇಕು. ನೀರು 1,250 ಮಿಲಿಗ್ರಾಂ ದಾಟಿದರೆ ಮೊದಲು ಇಡೀ ಮನೆಗೆ ಸಾಫ್ಟನರ್ ಹಾಕಿಸಿ, ಆಮೇಲೆ ಡಿಶ್‌ವಾಷರ್ ಯೋಚಿಸಿ.

ಹಣ ಹೆಚ್ಚಿದ್ದವರಿಗೆ ಹೆಸರು ಕೊಳ್ಳುವ ಸ್ವಾತಂತ್ರ್ಯ ಇದ್ದೇ ಇದೆ. ಆದರೆ ಸಾಲದ ಕಂತಿನಲ್ಲಿ ಕೊಳ್ಳುವ ಸಂಸಾರಕ್ಕೆ ಪ್ರತಿ ರೂಪಾಯಿಯೂ ಕೆಲಸಕ್ಕೆ ಬರಬೇಕು. ನೀರಿನ ಅಂಕಿ, ದೊಡ್ಡ ಪಾತ್ರೆಯ ಅಳತೆ, ಸರ್ವಿಸ್ ಬರುವ ದಿನಗಳು ಈ ಮೂರನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಮಳಿಗೆಗೆ ಹೋದವರನ್ನು ಯಾವ ಬ್ರ್ಯಾಂಡೂ ಸುಲಭವಾಗಿ ಮರುಳು ಮಾಡಲಾರದು.